ಕೊಟ್ಟವರ ಲೆಕ್ಕ, ತಗೊಂಡವರ ಲೆಕ್ಕ

ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪದಿಂದ ಎರಡು-ಮೂರು ಕಿಲೋಮೀಟರ್ ದೂರದಲ್ಲಿ ಬಳ್ಳಿಗಾವಿ ಇದೆ. ಇವತ್ತು ಅದೊಂದು ಸಣ್ಣ ಊರು. ಕೇದಾರೇಶ್ವರ ದೇವಸ್ಥಾನ ನೋಡೋಕೆ ಬಂದವರು ಫೋಟೋ ತೆಗೆದುಕೊಂಡು ಸಂಜೆಯೊಳಗೆ ಹೊರಟುಬಿಡ್ತಾರೆ. ಆದರೆ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇದು ಬನವಾಸಿ ಪನ್ನಿರ್ಚ್ಛಾಸಿರ, ಅಂದರೆ ಬನವಾಸಿ ಹನ್ನೆರಡು ಸಾವಿರದ ರಾಜಧಾನಿ. ಇಲ್ಲಿ ಶೈವ ಮಠಗಳಿದ್ದವು, ಜೈನ ಬಸದಿಗಳಿದ್ದವು, ಬೌದ್ಧ ವಿಹಾರವೂ ಇತ್ತು. ಅಲ್ಲಮಪ್ರಭುವಿನ ಹುಟ್ಟೂರು ಇದೇ ಅನ್ನೋ ನಂಬಿಕೆಯೂ ಇದೆ.

ಈ ಊರಿನ ಕೇದಾರೇಶ್ವರಕ್ಕೆ ಆಗ ದಕ್ಷಿಣ ಕೇದಾರ ಅಂತ ಹೆಸರು. ಅದಕ್ಕೆ ಸೇರಿದ್ದು ಕೋಡಿಯ ಮಠ. ಕಳಚುರಿ ಬಿಜ್ಜಳನ ಕಾಲದ, 1162ರ ಒಂದು ಶಾಸನ ಈ ಮಠದಲ್ಲಿ ಏನೇನು ನಡೀತಿತ್ತು ಅಂತ ಉದ್ದದ ಪಟ್ಟಿಯನ್ನೇ ಕೊಡುತ್ತದೆ. ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೇ ಸಂಪುಟದಲ್ಲಿ, ಶಿಕಾರಿಪುರ ತಾಲ್ಲೂಕಿನ 102ನೇ ಶಾಸನ ಅಂತ ಹುಡುಕಿದರೆ ಸಿಗುತ್ತೆ. ನಾಲ್ಕು ವೇದಗಳ ಅಧ್ಯಯನ, ವ್ಯಾಕರಣ, ದರ್ಶನ, ಯೋಗಶಾಸ್ತ್ರ ಎಲ್ಲಾ ಹೇಳಿದ ಮೇಲೆ ಪಟ್ಟಿ ಒಂದು ತಿರುವು ತಗೊಳ್ಳುತ್ತೆ. ಬಡವರು, ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಬೇರೆ ಪಂಥಗಳ ಭಿಕ್ಷುಕರು: ಇವರೆಲ್ಲರಿಗೂ ಊಟ. ಆಮೇಲೆ, ಯಾರೂ ಇಲ್ಲದ ರೋಗಿಗಳಿಗೆ ಔಷಧೋಪಚಾರ.

ಕರ್ನಾಟಕದ ಆಸ್ಪತ್ರೆಗಳ ಇತಿಹಾಸ ಬರೆಯುವವರು ಈ ಸಾಲನ್ನು ಹೆಮ್ಮೆಯಿಂದ ಎತ್ತಿ ತೋರಿಸ್ತಾರೆ. ಹೆಮ್ಮೆ ಸರಿ. ಆದರೆ ಶಾಸನ ಅನ್ನೋದು ಹೊಗಳಿಕೆಯ ಬರಹವೂ ಹೌದು ಅನ್ನೋದನ್ನ ಮರೆಯಬಾರದು. ನಿಮ್ಮ ಕಂಪನಿಯ ವಾರ್ಷಿಕ ವರದಿಯ ಮೊದಲ ನಾಲ್ಕು ಪುಟ ಇರುತ್ತಲ್ಲ, ನಗುಮುಖದ ಫೋಟೋಗಳ ಜೊತೆ, ಸುಮಾರಾಗಿ ಹಾಗೆ. ಮಠ ಏನಾಗಬೇಕು ಅಂತ ಅದು ಹೇಳುತ್ತೆ. ಒಂದು ಮಂಗಳವಾರ ಬೆಳಿಗ್ಗೆ ಎಷ್ಟು ಜನಕ್ಕೆ ಕಷಾಯ ಸಿಕ್ಕಿತು ಅಂತ ಹೇಳೋದಿಲ್ಲ. ಹಾಗಾದರೆ ಆ ಕೆಲಸ ಸರಿಯಾಗಿ ನಡೀತಿದೆಯಾ ಅಂತ ಆ ಕಾಲದವರು ಹೇಗೆ ನೋಡಿಕೊಳ್ತಿದ್ರು?

ಮೊದಲು ದುಡ್ಡಿನ ವಿಷಯ. ಇಂಥ ಮಠಗಳು ನಡೆಯುತ್ತಿದ್ದದ್ದು ಬಿಟ್ಟುಕೊಟ್ಟ ಭೂಮಿಯ ಆದಾಯದಿಂದ. ಯಾವುದಕ್ಕೆ ಅಂತ ದಾನಶಾಸನದಲ್ಲೇ ಬರೆಸುತ್ತಿದ್ದರು. ಇದೇ ಬಳ್ಳಿಗಾವಿಯ ಪಂಚಲಿಂಗ ದೇವಾಲಯಕ್ಕೆ 1036ರಲ್ಲಿ ಚಾಲುಕ್ಯ ಎರಡನೇ ಜಯಸಿಂಹ ಕೊಟ್ಟ ದತ್ತಿ ನೋಡಿ. ದೇವಸ್ಥಾನದ ದುರಸ್ತಿ, ಪೂಜೆ, ವಿದ್ಯಾರ್ಥಿಗಳ ಮತ್ತು ತಪಸ್ವಿಗಳ ಅನ್ನ-ಬಟ್ಟೆ ಅಂತ ಬಾಬ್ತುಗಳು ಬೇರೆ ಬೇರೆ. ದತ್ತಿ ಪಡೆದವರು ಲಕುಲೀಶ್ವರ ಪಂಡಿತರು, ಕಾಲಾಮುಖ ಶೈವ ಪರಂಪರೆಯವರು. ಕೋಡಿಯ ಮಠವೂ ಅದೇ ಪರಂಪರೆಯದ್ದು.

ಎರಡನೆಯದು ಷರತ್ತು. ಗದಗ ಜಿಲ್ಲೆಯ ಸೂಡಿಯಲ್ಲಿ ಸಿಕ್ಕಿರುವ, ಇದೇ ಕಾಲಾಮುಖರ 11ನೇ ಶತಮಾನದ ಶಾಸನಗಳಲ್ಲಿ ಅದು ನೇರವಾಗೇ ಇದೆ. ಬ್ರಹ್ಮಚರ್ಯ ಪಾಲಿಸದವರು ಮಠದಲ್ಲಿ ಇರಬಾರದು, ಇದ್ದರೆ ಹೊರಗೆ ಹಾಕಬೇಕು. ಕೆಲಸ ಹೇಗೆ ಮಾಡ್ತಾರೆ ಅನ್ನೋದಕ್ಕಿಂತ, ಕೆಲಸ ಮಾಡುವ ಮನುಷ್ಯ ಹೇಗಿದ್ದಾನೆ ಅನ್ನೋದು ಮುಖ್ಯವಾಗಿತ್ತು. ಮನುಷ್ಯ ನೆಟ್ಟಗಿದ್ದರೆ ಕೆಲಸವೂ ನೆಟ್ಟಗಿರುತ್ತೆ ಅನ್ನೋ ಲೆಕ್ಕಾಚಾರ. ಮೂರನೆಯದು ಶಾಪಾಶಯ. ದತ್ತಿಯನ್ನು ನುಂಗಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ ಅನ್ನೋ ಎಚ್ಚರಿಕೆ ಶಾಸನಗಳ ಕೊನೆಯಲ್ಲಿ ಮಾಮೂಲಿ. ಆಡಿಟರ್ ಬರೋಕೆ ಆಗದ ಕಡೆ ಶಾಪ ಆಡಿಟರ್ ಕೆಲಸ ಮಾಡ್ತಿತ್ತು.

ಅದೇ ಕಾಲದಲ್ಲಿ, ಪಕ್ಕದ ಚೋಳರ ನಾಡಿನಲ್ಲಿ, ಬೇರೆ ಥರದ ಲೆಕ್ಕವೊಂದಿತ್ತು. ಕಾಂಚೀಪುರದ ಕಡೆಯ ತಿರುಮುಕ್ಕೂಡಲ್ ದೇವಸ್ಥಾನದ ಗೋಡೆಯ ಮೇಲೆ ವೀರರಾಜೇಂದ್ರನ ಕಾಲದ, 11ನೇ ಶತಮಾನದ ಶಾಸನವಿದೆ. ಅಲ್ಲಿನ ಆಸ್ಪತ್ರೆಗೆ 15 ಹಾಸಿಗೆ. ವೈದ್ಯನಿಗೆ ವರ್ಷಕ್ಕೆ 90 ಕಲಂ ಭತ್ತ, 8 ಕಾಸು. ಶಸ್ತ್ರವೈದ್ಯ, ಮೂಲಿಕೆ ತಂದು ಔಷಧಿ ಕಾಯಿಸುವವರು, ರೋಗಿಗಳ ಸೇವೆಗೆ ಹೆಂಗಸರು, ಎಲ್ಲರ ಸಂಬಳವೂ ಬರೆದಿದೆ. ಅಷ್ಟೇ ಅಲ್ಲ, ವರ್ಷದುದ್ದಕ್ಕೂ ದಾಸ್ತಾನಿರಬೇಕಾದ ಸುಮಾರು ಇಪ್ಪತ್ತು ಔಷಧಿಗಳ ಹೆಸರಿದೆ: ದಶಮೂಲ ಹರೀತಕಿ, ಗೋಮೂತ್ರ ಹರೀತಕಿ, ಬಿಲ್ವಾದಿ ಘೃತ, ಕಲ್ಯಾಣಕ ಲವಣ ಹೀಗೆ.

ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಬಳ್ಳಿಗಾವಿಯ ಪಟ್ಟಿಯಲ್ಲಿರೋದು ತಗೊಳ್ಳುವವರು. ತಿರುಮುಕ್ಕೂಡಲ್ ಪಟ್ಟಿಯಲ್ಲಿರೋದು ಕೊಡುವವರು ಮತ್ತು ಕಪಾಟು. ಮೊದಲನೆಯದರಲ್ಲಿ ಅಳತೆ ಇಲ್ಲ. ಎರಡನೆಯದರಲ್ಲಿ ರೋಗಿಗೆ ಮುಖ ಇಲ್ಲ. ಅಳೆಯೋಕೆ ಸುಲಭ ಯಾವುದು? ಎರಡನೆಯದೇ. ಕಪಾಟಿನಲ್ಲಿ ಡಬ್ಬ ಇದೆಯೋ ಇಲ್ಲವೋ ಅಂತ ಯಾರು ಬೇಕಾದರೂ ಎಣಿಸಬಹುದು. ಒಂಬೈನೂರು ವರ್ಷ ಆದಮೇಲೂ ನಾವು ಎಣಿಸ್ತಿರೋದು ಡಬ್ಬಗಳನ್ನೇ.

ಇವತ್ತಿನ ಜನೌಷಧಿ ಕೇಂದ್ರಗಳನ್ನೇ ತಗೊಳ್ಳಿ. 2008ರಲ್ಲಿ ಶುರುವಾದ ಈ ಯೋಜನೆಯಿಂದ ಬಿಪಿ, ಶುಗರ್ ಮಾತ್ರೆಗಳು ಎಷ್ಟೋ ಮನೆಗಳ ಕೈಗೆಟುಕಿವೆ, ಅದರಲ್ಲಿ ಎರಡು ಮಾತಿಲ್ಲ. ಕೇಂದ್ರ ನಡೆಸುವವರಿಗೆ ಮಾರಾಟದ ಮಾರ್ಜಿನ್ ಜೊತೆ ಪ್ರೋತ್ಸಾಹಧನವೂ ಇದೆ. ಈಚಿನ ನಿಯಮದ ಪ್ರಕಾರ ಅದು ತಿಂಗಳ ಖರೀದಿಯ 20%, ತಿಂಗಳಿಗೆ ಗರಿಷ್ಠ 20,000 ರೂಪಾಯಿ. ಷರತ್ತು ಏನಪ್ಪಾ ಅಂದ್ರೆ, ನಿಗದಿ ಮಾಡಿದ 200 ಔಷಧಿಗಳು ದಾಸ್ತಾನಿನಲ್ಲಿ ಇರಬೇಕು. ಒಳ್ಳೆಯ ಷರತ್ತೇ. ಬಸ್ಸು ಹತ್ತಿ ಪೇಟೆಗೆ ಬಂದವರಿಗೆ ‘ಸ್ಟಾಕ್ ಇಲ್ಲ, ಸೋಮವಾರ ಬನ್ನಿ’ ಅನ್ನೋದು ಸಣ್ಣ ತೊಂದರೆ ಅಲ್ಲ. ಒಂದು ದಿನದ ಕೂಲಿ ಹೋಗುತ್ತೆ. ಆದರೆ ಗಮನಿಸಿ, ಪ್ರೋತ್ಸಾಹಧನ ನೋಡೋದು ಎರಡನ್ನೇ: ಎಷ್ಟು ಕೊಂಡಿರಿ, ಏನೇನು ಇಟ್ಟಿದ್ದೀರಿ. ಮಾತ್ರೆ ತಗೊಂಡ ಅಜ್ಜಿಗೆ ಅದನ್ನು ಊಟಕ್ಕೆ ಮುಂಚೆ ನುಂಗಬೇಕೋ ಆಮೇಲೋ ಅಂತ ಗೊತ್ತಾಯ್ತಾ? ಆ ಪ್ರಶ್ನೆಗೆ ಅಲ್ಲಿ ಕಾಲಂ ಇಲ್ಲ.

ಕಾನೂನಿನಲ್ಲಿ ಇಲ್ಲವಾ ಅಂದ್ರೆ, ಇದೆ. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮಿನ ಪ್ರಕಾರ ವೈದ್ಯರ ಚೀಟಿಯ ಔಷಧಿಯನ್ನು ನೋಂದಾಯಿತ ಫಾರ್ಮಸಿಸ್ಟೇ ಕೊಡಬೇಕು. 2015ರ ಫಾರ್ಮಸಿ ವೃತ್ತಿ ನಿಯಮಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ರೋಗಿಗೆ ತಿಳಿಹೇಳುವುದೂ ಫಾರ್ಮಸಿಸ್ಟಿನ ಕೆಲಸ ಅಂತ ಬರೆದವು. ಕರ್ತವ್ಯ ಒಂದು ಪುಸ್ತಕದಲ್ಲಿ, ಪ್ರೋತ್ಸಾಹ ಇನ್ನೊಂದು ಪುಸ್ತಕದಲ್ಲಿ. ಟಾರ್ಗೆಟ್ ಇಟ್ಟುಕೊಂಡು ಕೆಲಸ ಮಾಡುವ ನಿಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಅಪ್ರೈಸಲ್ಲಿನಲ್ಲಿ ಇಲ್ಲದ ಕೆಲಸ ಶುಕ್ರವಾರ ಸಂಜೆಗೆ ಮುಂದಕ್ಕೆ ಹೋಗುತ್ತೆ, ಆಮೇಲೆ ಮುಂದಿನ ಶುಕ್ರವಾರಕ್ಕೆ.

ಕೊಟ್ಟವರ ಲೆಕ್ಕವನ್ನು ಮಾತ್ರ ನೋಡಿದರೆ ಏನಾಗಬಹುದು ಅನ್ನೋದಕ್ಕೆ ದೂರ ಹೋಗಬೇಕಿಲ್ಲ. ಪಕ್ಕದ ಸೊರಬ ತಾಲ್ಲೂಕಿಗೆ ಬನ್ನಿ. ಕ್ಯಾಸನೂರು ಕಾಡು ಇರೋದು ಇಲ್ಲೇ. 1957ರಲ್ಲಿ ಆ ಕಾಡಿನಲ್ಲಿ ಮಂಗಗಳು ಸಾಲು ಸಾಲಾಗಿ ಸತ್ತವು, ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ಸನ್ನು ಗುರುತಿಸಿದರು. ಅದು ಉಣುಗಿನಿಂದ ಹರಡುತ್ತೆ ಅಂತಲೂ ಗೊತ್ತಾಯಿತು. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಅದು ಕ್ಯಾಸನೂರು ಕಾಡಿನ ಕಾಯಿಲೆ. ಮಲೆನಾಡಿನ ಬಾಯಲ್ಲಿ ಮಂಗನ ಕಾಯಿಲೆ. ಇದಕ್ಕಂತಲೇ ಇರುವ ಔಷಧಿ ಇವತ್ತಿಗೂ ಇಲ್ಲ. ಹಾಗಾಗಿ ಭರವಸೆಯೆಲ್ಲ ಲಸಿಕೆಯ ಮೇಲೆ, ಮತ್ತು ಕಾಡಿಗೆ ಹೋಗುವ ಮುಂಚೆ ಮೈಗೆ ಹಚ್ಚಿಕೊಳ್ಳೋ ಡೇಪಾ ಎಣ್ಣೆಯ ಮೇಲೆ.

ಲಸಿಕೆ 1990ರ ದಶಕದಿಂದ ಬಳಕೆಗೆ ಬಂತು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಕೆಲವು ತಿಂಗಳ ನಂತರ ಬೂಸ್ಟರ್, ಆಮೇಲೆ ವರ್ಷ ವರ್ಷ ಬೂಸ್ಟರ್. ಚುಚ್ಚಿದ ಜಾಗ ನೋಯುತ್ತೆ ಅಂತ ಎಷ್ಟೋ ಜನ ಎರಡನೇ ಸಲ ಬರುತ್ತಿರಲಿಲ್ಲ. 2005ರಿಂದ 2010ರವರೆಗಿನ ಮಾಹಿತಿ ಇಟ್ಟುಕೊಂಡು 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಎರಡು ಡೋಸ್ ಪಡೆದವರಲ್ಲಿ ಲಸಿಕೆಯ ಪರಿಣಾಮ 62.4%, ಬೂಸ್ಟರೂ ಹಾಕಿಸಿಕೊಂಡವರಲ್ಲಿ 82.9%. ಹಾಕಿಸಿಕೊಂಡವರ ಸಂಖ್ಯೆಯೇ ಕಡಿಮೆ ಅಂತಲೂ ಅದು ಹೇಳಿತು. ಅಂದ್ರೆ ‘ಇಷ್ಟು ಡೋಸ್ ಕೊಟ್ಟೆವು’ ಅನ್ನೋ ರಿಜಿಸ್ಟರ್ ಎಷ್ಟೇ ತುಂಬಿದ್ದರೂ, ಕಾಡಿಗೆ ದರಗು ತರೋಕೆ ಹೋಗುವ ಹೆಂಗಸಿಗೆ ರಕ್ಷಣೆ ಇದೆಯಾ ಅನ್ನೋದು ಬೇರೆಯೇ ಪ್ರಶ್ನೆ. ಕೊನೆಗೆ 2022ರಲ್ಲಿ, ಲಸಿಕೆ ನಿರೀಕ್ಷಿಸಿದ ಹಾಗೆ ಕೆಲಸ ಮಾಡ್ತಿಲ್ಲ ಅಂತ ಅದನ್ನು ಕೊಡೋದನ್ನೇ ನಿಲ್ಲಿಸಲಾಯಿತು. ಸುಮಾರು ಮೂರು ದಶಕ ತೋಳು ಒಡ್ಡಿದ ಜನಕ್ಕೆ ಇದು ಹೇಗೆ ಕೇಳಿಸಿರಬೇಕು?

ಇಲ್ಲಿ ಮನೆ ಮನೆಗೆ ನಡೆದ ಆರೋಗ್ಯ ಸಿಬ್ಬಂದಿಯ, ಆಶಾ ಕಾರ್ಯಕರ್ತೆಯರ ದುಡಿಮೆಯಲ್ಲಿ ಕೊರತೆ ಹುಡುಕೋದು ಅನ್ಯಾಯ. ಅವರಿಗೆ ಕೊಟ್ಟ ಲೆಕ್ಕದ ಪುಸ್ತಕವೇ ಅಂಥದ್ದು. ಹಂಚಿದ್ದನ್ನು ಬರೆಯೋಕೆ ಅದರಲ್ಲಿ ಜಾಗ ಇತ್ತು. ಡೇಪಾ ಎಣ್ಣೆಯ ಬಾಟಲಿ ಹಂಚಿದ್ದು ಲೆಕ್ಕಕ್ಕೆ ಸಿಗುತ್ತೆ, ಅದನ್ನು ಬೆಳಿಗ್ಗೆ ಹಚ್ಚಿಕೊಂಡು ಹೋದರಾ ಅನ್ನೋದು ಸಿಗೋದಿಲ್ಲ.

ಹಾಗಾದರೆ ತಗೊಂಡವರ ಲೆಕ್ಕ ಇಡೋಕೆ ಆಗುತ್ತಾ? ಇಂಗ್ಲೆಂಡಿನಲ್ಲಿ ಒಂದು ಪ್ರಯತ್ನ ನಡೆಯಿತು. 2016ರ ಡಿಸೆಂಬರಿನಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ, ಬೀದಿಬದಿಯ ಔಷಧಿ ಅಂಗಡಿಗಳಿಗೆ ಗುಣಮಟ್ಟದ ಆಧಾರದ ಮೇಲೆ ಹಣ ಕೊಡುವ ಯೋಜನೆ ಶುರುಮಾಡಿತು. 2017-18ಕ್ಕೆ ಮೀಸಲಿಟ್ಟ ಮೊತ್ತ 7.5 ಕೋಟಿ ಪೌಂಡ್. ಮೊದಲು ಕೆಲವು ಪ್ರವೇಶ ಷರತ್ತುಗಳು, ಅವನ್ನು ದಾಟಿದರೆ ಅಂಕಗಳು, ಅಂಕಕ್ಕೆ ತಕ್ಕ ಹಣ. ಷರತ್ತುಗಳಲ್ಲಿ ಬಹಳಷ್ಟು ನಮಗೆ ಚೆನ್ನಾಗಿ ಗೊತ್ತಿರೋ ಜಾತಿಯವೇ: ವೆಬ್‌ಸೈಟಿನಲ್ಲಿ ಅಂಗಡಿಯ ಮಾಹಿತಿ ಸರಿ ಇದೆಯಾ, ಅಧಿಕೃತ ಇಮೇಲ್ ಇದೆಯಾ, ಸಿಬ್ಬಂದಿಗೆ ತರಬೇತಿ ಆಗಿದೆಯಾ. ಟಿಕ್ ಹಾಕಿ ಮುಗಿಸುವಂಥವು.

ಆದರೆ ಅವುಗಳ ಮಧ್ಯೆ ಒಂದು ಮಾತ್ರ ಬೇರೆ ಥರ ಇತ್ತು. ಆರು ತಿಂಗಳಲ್ಲಿ ತಕ್ಷಣ ಉಸಿರು ಬಿಡಿಸುವ ಇನ್‌ಹೇಲರ್‌ಗಳನ್ನು ಆರಕ್ಕಿಂತ ಹೆಚ್ಚು ಒಯ್ದು, ಕಾಯಿಲೆಯನ್ನು ಹತೋಟಿಯಲ್ಲಿಡುವ ಸ್ಟೀರಾಯ್ಡ್ ಇನ್‌ಹೇಲರ್ ಒಂದನ್ನೂ ಒಯ್ಯದ ಅಸ್ತಮಾ ರೋಗಿ ಇದ್ದರೆ, ಅವರನ್ನು ಅಂಗಡಿಯವರು ಗುರುತಿಸಿ ವೈದ್ಯರ ಹತ್ತಿರ ಕಳಿಸಬೇಕು. ಈ ಷರತ್ತಿನ ಬುದ್ಧಿವಂತಿಕೆ ನೋಡಿ. ಆರು ಇನ್‌ಹೇಲರ್ ಹೋಯಿತು ಅಂದರೆ ಮಾರಾಟದ ಪುಸ್ತಕದಲ್ಲಿ ಅದು ಲಾಭ. ಅದೇ ಸಾಲನ್ನು ರೋಗಿಯ ಕಡೆಯಿಂದ ಓದಿದರೆ ಅದು ಅಪಾಯದ ಸೂಚನೆ. ಹೊಸ ಮಾಹಿತಿ ಏನೂ ಬೇಕಾಗಿಲ್ಲ, ಇದ್ದ ಲೆಕ್ಕವನ್ನೇ ಇನ್ನೊಂದು ಬದಿಯಿಂದ ಓದಬೇಕು, ಅಷ್ಟೇ.

ಬಳ್ಳಿಗಾವಿಯ ಶಾಸನವನ್ನು ನಾನು ಈಗ ಹೀಗೆ ಓದ್ತೀನಿ. ಅದರ ಹೊಗಳಿಕೆಯನ್ನು ಪಕ್ಕಕ್ಕಿಟ್ಟರೂ ಒಂದು ವಿಷಯ ಉಳಿಯುತ್ತೆ: ಒಳ್ಳೆಯ ಮಠ ಅಂದರೆ ಏನು ಅಂತ ಹೇಳೋಕೆ ಅದನ್ನು ಬರೆಸಿದವರು ಬಾಗಿಲಲ್ಲಿ ನಿಂತವರ ಹೆಸರು ಹೇಳಿದರು. ಕುಂಟ, ಕುರುಡ, ಹಾಡುಗಾರ, ದಿಕ್ಕಿಲ್ಲದ ರೋಗಿ. ಅವರಿಗೆ ಸಿಕ್ಕಿತಾ ಅನ್ನೋದೇ ಅಳತೆ. ತಿರುಮುಕ್ಕೂಡಲ್ಲಿನ ಶಿಸ್ತಿನ ದಾಸ್ತಾನು ಪಟ್ಟಿ ಬೇಡ ಅಂತಲ್ಲ. ಬಿಲ್ವಾದಿ ಘೃತ ಕಪಾಟಿನಲ್ಲೇ ಇಲ್ಲದಿದ್ದರೆ ಯಾರಿಗೆ ಏನು ಕೊಡೋದು? ಎರಡೂ ಬೇಕು. ನಮ್ಮ ಪ್ರೋತ್ಸಾಹಧನಗಳು ಇಲ್ಲಿಯವರೆಗೆ ಒಂದನ್ನೇ ಕಲಿತಿವೆ.

ಶಿಕಾರಿಪುರದ ಬಸ್ ಸ್ಟ್ಯಾಂಡ್ ಹತ್ತಿರವೋ ಸೊರಬದ ಪೇಟೆಯಲ್ಲೋ ಇರುವ ಮೆಡಿಕಲ್ ಶಾಪಿನಲ್ಲಿ ಇದನ್ನು ಶುರುಮಾಡೋಕೆ ದೊಡ್ಡ ಸಾಫ್ಟ್‌ವೇರ್ ಬೇಕಾಗಿಲ್ಲ. ಶುಗರ್ ಮಾತ್ರೆಗೆ ತಿಂಗಳು ತಿಂಗಳು ಬರುತ್ತಿದ್ದವರು ಎರಡು ತಿಂಗಳಿಂದ ಬಂದಿಲ್ಲ ಅಂದರೆ, ಒಂದು ಫೋನ್. ಬಂದವರಿಗೆ ‘ಹೋದ ಸಲದ್ದು ಪೂರ್ತಿ ತಗೊಂಡ್ರಾ?’ ಅನ್ನೋ ಒಂದು ಮಾತು. ಮಾರಾಟ ಹೆಚ್ಚದಿದ್ದರೂ, ಕೆಲವು ಸಲ ಕಡಿಮೆಯೇ ಆದರೂ, ಆ ಫೋನಿಗೆ, ಆ ಮಾತಿಗೆ ಹಣ ಕೊಡೋಕೆ ಯಾವ ಯೋಜನೆ ತಯಾರಿದೆಯೋ, ಗುಣಮಟ್ಟ ಅನ್ನೋ ಪದ ಆ ಯೋಜನೆಗೆ ಸಲ್ಲುತ್ತೆ.