ಗೋಕಾಕ, ಮೂಡಲಗಿ, ಹುಕ್ಕೇರಿ: ಕ್ಷೇತ್ರದ ಗೆರೆ ಎಳೆಯುವಾಗ ನಮ್ಮ ಕೇರಿ ಎಲ್ಲಿತ್ತು?



ಪೋಸ್ಟ್ ಉದ್ದ ಐತಿ. ಲೈಕ್ ಒತ್ತಿ ಮುಂದ ಹೋಗಬ್ಯಾಡ್ರಿ, ರಾತ್ರಿ ಊಟ ಆದ ಮ್ಯಾಲಾದ್ರೂ ಪೂರ್ತಿ ಓದ್ರಿ.

ಪ್ರತಿ ಚುನಾವಣೆ ಬಂದಾಗ ನಮ್ಮ ಹುಡುಗರು ಒಂದು ಪ್ರಶ್ನೆ ಕೇಳ್ತಾರ. "ಅಣ್ಣಾ, ಯಮಕನಮರಡಿ ರಿಸರ್ವ್ ಐತಿ, ರಾಯಬಾಗ ಐತಿ, ಕುಡಚಿ ಐತಿ. ನಮ್ಮ ಅರಭಾವಿ ಯಾಕಿಲ್ಲ? ಗೋಕಾಕ ಮೊದಲು ರಿಸರ್ವ್ ಇತ್ತಂತಲ್ಲ, ಅದ್ಯಾಕ ಹೋಯ್ತು?" ಇದಕ್ಕ ಕಟ್ಟಿ ಮ್ಯಾಲೆ ಸಿಗೋ ಉತ್ತರ ಒಂದೇ: "ದೊಡ್ಡವರು ಮಾಡಿಸಿದ್ದಪ್ಪಾ, ನಮಗೇನ ಗೊತ್ತ." ಈ ಉತ್ತರ ಕೇಳಿ ಕೇಳಿ ನಾವು ಸುಮ್ಮನಾಗಿದ್ದೀವಿ. ನಾನು ಆಫೀಸಿನಲ್ಲಿ ಫೈಲ್ ಬರೆಯುವವನು. ಯಾವ ಗೆರೆಯ ಹಿಂದೂ ಒಂದು ಕಾಗದ ಇರತೈತಿ, ಒಂದು ಲೆಕ್ಕ ಇರತೈತಿ ಅನ್ನೋದು ನನಗ ಗೊತ್ತು. ಆ ಲೆಕ್ಕ ಇವತ್ತು ಬಿಡಿಸಿ ಹೇಳ್ತೀನಿ.

ಮೊದಲು ನಕ್ಷೆ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕಿನ ಹಳ್ಳಿಗಳು ಇವತ್ತು ಮುಖ್ಯವಾಗಿ ನಾಲ್ಕು ವಿಧಾನಸಭಾ ಕ್ಷೇತ್ರಗಳಲ್ಲಿ ಹಂಚಿಹೋಗಿವೆ: ಅರಭಾವಿ, ಗೋಕಾಕ, ಹುಕ್ಕೇರಿ, ಯಮಕನಮರಡಿ. ಮೂಡಲಗಿ ಹೋರಾಟ ಮಾಡಿ ಗೋಕಾಕದಿಂದ ಬೇರೆಯಾಗಿ ತಾಲೂಕು ಆಯ್ತು, ಆದರ ಮೂಡಲಗಿ ಹೆಸರಿನ ಕ್ಷೇತ್ರ ಇಲ್ಲ. ಕ್ಷೇತ್ರದ ಹೆಸರು ಅರಭಾವಿ, ಒಂದು ಊರಿನ ಹೆಸರು. ಯಮಕನಮರಡಿಯೂ ಹುಕ್ಕೇರಿ ತಾಲೂಕಿನ ಒಂದು ಊರಷ್ಟೇ, ಆದರ ಅದರ ಕ್ಷೇತ್ರ ಬೆಳಗಾವಿ ತಾಲೂಕಿನ ಕಾಕತಿ ತನಕ ಹೋಗತೈತಿ. ಲೋಕಸಭೆಗೆ ಬಂದ್ರ ಗೋಕಾಕ, ಅರಭಾವಿ ಬೆಳಗಾವಿಗೆ. ಹುಕ್ಕೇರಿ, ಯಮಕನಮರಡಿ ಚಿಕ್ಕೋಡಿಗೆ. ಒಂದೇ ಘಟಪ್ರಭೆಯ ನೀರು ಕುಡಿಯುವ ಮಂದಿ ಇಬ್ಬರು ಎಂ.ಪಿ.ಗಳ ಹಂತೇಕ ಅರ್ಜಿ ಹಿಡಿದು ಓಡಾಡಬೇಕು.

ಈ ನಾಲ್ಕರಲ್ಲಿ ಮೀಸಲು ಒಂದೇ, ಯಮಕನಮರಡಿ. ಅದು ಪರಿಶಿಷ್ಟ ಪಂಗಡಕ್ಕೆ. ಪರಿಶಿಷ್ಟ ಜಾತಿಗೆ ಒಂದೂ ಇಲ್ಲ. ಇಡೀ ಬೆಳಗಾವಿ ಜಿಲ್ಲೆಯ 18 ಕ್ಷೇತ್ರಗಳಲ್ಲಿ ಎಸ್‌ಸಿಗೆ ಇರೋದು ಎರಡು, ರಾಯಬಾಗ ಮತ್ತು ಕುಡಚಿ. ಎರಡೂ ರಾಯಬಾಗ ತಾಲೂಕಿನ ಸುತ್ತಲೇ.

ಇದು ಹೆಂಗ ಆಯ್ತು? ಸ್ವಲ್ಪ ಹಿಂದಕ್ಕ ಹೋಗೋಣ.

1925ರ ಏಪ್ರಿಲ್‌ನಲ್ಲಿ ಬಾಬಾಸಾಹೇಬರು ನಮ್ಮ ಪಕ್ಕದ ನಿಪ್ಪಾಣಿಗೆ ಬಂದಿದ್ದರು. ಬಹಿಷ್ಕೃತರ ಪರಿಷತ್ತು ನಡೆದಿತ್ತು. ಆಗಿನ ಮುಂಬೈ ಇಲಾಖೆಯಲ್ಲಿ ನಮ್ಮವರಿಗೆ ಓಟು ಇರಲಿ, ಊರ ಬಾವಿಯ ನೀರೂ ಇರಲಿಲ್ಲ. ಏಳು ವರ್ಷಕ್ಕೆ, 1932ರ ಆಗಸ್ಟ್‌ನಲ್ಲಿ, ಪ್ರತ್ಯೇಕ ಮತದಾನದ ಹಕ್ಕು ಸಿಕ್ಕಿತು. ಅಂದ್ರ ನಮ್ಮ ಪ್ರತಿನಿಧಿಯನ್ನು ನಾವೇ ಆರಿಸೋದು. ಸೆಪ್ಟೆಂಬರ್ 24ಕ್ಕೆ ಪುಣೆ ಒಪ್ಪಂದ ಆಯ್ತು, ಆ ಹಕ್ಕು ಹೋಯ್ತು. ಬದಲಿಗೆ ಸೀಟುಗಳ ಸಂಖ್ಯೆ ಹೆಚ್ಚಾಯ್ತು, ಆದರ ಆರಿಸುವ ಕೈ ಎಲ್ಲರದೂ ಆಯ್ತು. ಮೊದಲ ಹಂತದಲ್ಲಿ ದಲಿತ ಮತದಾರರೇ ನಾಲ್ಕು ಮಂದಿಯ ಪಟ್ಟಿ ಮಾಡೋದು ಅಂತ ಒಂದು ಷರತ್ತು ಉಳಿದಿತ್ತು. ಸ್ವಾತಂತ್ರ್ಯ ಬಂದ ಮೇಲೆ ಅದೂ ಉಳಿಯಲಿಲ್ಲ.

1937ರ ಚುನಾವಣೆಯಲ್ಲಿ ಬೆಳಗಾವಿ ಉತ್ತರದ ಮೀಸಲು ಸ್ಥಾನದಿಂದ ಬಾಬಾಸಾಹೇಬರ ಸ್ವತಂತ್ರ ಮಜೂರ ಪಕ್ಷದ ಬಳವಂತರಾವ್ ವರಾಳೆ ಮುಂಬೈ ಶಾಸನಸಭೆಗೆ ಹೋದರು. ಧಾರವಾಡದಲ್ಲಿ ನಮ್ಮ ಮಕ್ಕಳ ವಸತಿಗೃಹ ನೋಡಿಕೊಂಡವರು ಅವರೇ. ನಮ್ಮ ಭಾಗದ ದಲಿತ ರಾಜಕಾರಣದ ಮೊದಲ ಮೆಟ್ಟಿಲು ಯಾರೋ ಪುಢಾರಿ ಕೊಟ್ಟ ಟಿಕೆಟ್ ಅಲ್ಲ ಅನ್ನೋದು ನೆನಪಿರಲಿ. ಅದು ವಸತಿಗೃಹದಿಂದ, ಚಳವಳಿಯಿಂದ ಬಂದದ್ದು.

ಸಂವಿಧಾನ ಬಂದ ಮೇಲೆ ಮೊದಲ ಎರಡು ಚುನಾವಣೆಗಳಲ್ಲಿ, 1952 ಮತ್ತು 1957ರಲ್ಲಿ, ಕೆಲವು ಕಡೆ ಒಂದೇ ಕ್ಷೇತ್ರಕ್ಕೆ ಇಬ್ಬರು ಸದಸ್ಯರಿದ್ದರು. ಒಂದು ಸೀಟು ಸಾಮಾನ್ಯ, ಒಂದು ಮೀಸಲು. ಆಗ ಆಂಧ್ರದ ಪಾರ್ವತೀಪುರಂನಲ್ಲಿ ಒಂದು ಘಟನೆ ಆಯ್ತು. 1957ರಲ್ಲಿ ಸೂರಿ ದೊರ ಅನ್ನುವ ಆದಿವಾಸಿ ಅಭ್ಯರ್ಥಿ ಮೀಸಲಲ್ಲ, ಸಾಮಾನ್ಯ ಸೀಟನ್ನೇ ಗೆದ್ದುಬಿಟ್ಟರು. ಸೋತವರು ವಿ.ವಿ. ಗಿರಿ, ಮುಂದ ರಾಷ್ಟ್ರಪತಿ ಆದವರು. ಗಿರಿಯವರು ಸುಪ್ರೀಂ ಕೋರ್ಟ್ ತನಕ ಹೋದರು, 1959ರಲ್ಲಿ ಅಲ್ಲಿಯೂ ಸೋತರು. 1961ರಲ್ಲಿ ಇಬ್ಬರು ಸದಸ್ಯರ ಕ್ಷೇತ್ರಗಳೇ ಕಾನೂನಿನಿಂದ ರದ್ದಾದವು. ಒಂದು ಕ್ಷೇತ್ರ, ಒಬ್ಬ ಸದಸ್ಯ. ಮೀಸಲು ಅಂದ್ರ ಪೂರ್ತಿ ಮೀಸಲು, ಇಲ್ಲಾಂದ್ರ ಪೂರ್ತಿ ಸಾಮಾನ್ಯ. ಆವತ್ತಿನಿಂದ ಗೆರೆ ಎಲ್ಲಿ ಬೀಳತೈತಿ ಅನ್ನೋದೇ ಎಲ್ಲ ಆಯ್ತು.

ಈಗ ಗೋಕಾಕಕ್ಕೆ ಬರೋಣ. 2004ರ ಚುನಾವಣೆ ತನಕ ಇಡೀ ಕರ್ನಾಟಕದ 224 ಕ್ಷೇತ್ರಗಳಲ್ಲಿ ಎಸ್‌ಟಿಗೆ ಮೀಸಲಿದ್ದದ್ದು ಎರಡೇ. ಒಂದು ಕೊಡಗಿನ ವಿರಾಜಪೇಟೆ, ಇನ್ನೊಂದು ನಮ್ಮ ಗೋಕಾಕ. ಯಾಕೆ ಎರಡೇ? ಲೆಕ್ಕ ನೋಡ್ರಿ. 1971ರ ಜನಗಣತಿಯಲ್ಲಿ ರಾಜ್ಯದಾಗ ಎಸ್‌ಟಿ ಮಂದಿ ನೂರಕ್ಕೆ 0.79. ಸುಮಾರು 2.3 ಲಕ್ಷ. 224ರಲ್ಲಿ ಅಷ್ಟು ಪಾಲು ತೆಗೆದರೆ ಎರಡು ಸೀಟು. 1976ರಲ್ಲಿ ಪಟ್ಟಿಗಿದ್ದ ಪ್ರಾದೇಶಿಕ ನಿರ್ಬಂಧ ತೆಗೆದರು. ಅದಕ್ಕೂ ಮೊದಲು ಒಂದೇ ಜಾತಿ ಒಂದು ಜಿಲ್ಲೆಯಲ್ಲಿ ಪಟ್ಟಿಯೊಳಗ, ಪಕ್ಕದ ಜಿಲ್ಲೆಯಲ್ಲಿ ಹೊರಗ. 1981ರ ಗಣತಿಗೆ ಎಸ್‌ಟಿ ಸಂಖ್ಯೆ 18 ಲಕ್ಷ ದಾಟಿತು. ಹತ್ತು ವರ್ಷದಾಗ ಎಂಟು ಪಟ್ಟು ಮಕ್ಕಳು ಹುಟ್ಟಲಿಲ್ಲ, ಪಟ್ಟಿ ಬದಲಾಯ್ತು. 1991ರಲ್ಲಿ ನಾಯಕ, ಬೇಡ, ಬೇಡರ, ವಾಲ್ಮೀಕಿ ಹೆಸರುಗಳು ಕಾನೂನಿನಲ್ಲೇ ಸೇರಿದವು. ಆದ್ರೂ ಸೀಟು ಎರಡೇ ಉಳಿದವು. ಯಾಕಂದ್ರ ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿ ಕ್ಷೇತ್ರಗಳ ಲೆಕ್ಕವನ್ನು 1971ರ ಗಣತಿಗೇ ಕಟ್ಟಿಹಾಕಿತ್ತು.

ಆ ಗಂಟು ಬಿಚ್ಚಿದ್ದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಕ್ಷೇತ್ರ ಮರುವಿಂಗಡಣಾ ಆಯೋಗ. 2001ರ ಗಣತಿಯಲ್ಲಿ ಎಸ್‌ಟಿ ನೂರಕ್ಕೆ 6.55. ಸೀಟು ಎರಡರಿಂದ 15ಕ್ಕೆ ಏರಿತು. ಎಸ್‌ಸಿ ಸೀಟು 33ರಿಂದ 36 ಆಯ್ತು. 2008ರ ಮೇ ತಿಂಗಳಲ್ಲಿ ಈ ಹೊಸ ಗೆರೆಗಳ ಮೇಲೆ ದೇಶದಾಗ ಮೊದಲು ವಿಧಾನಸಭಾ ಚುನಾವಣೆ ನಡೆದದ್ದು ಕರ್ನಾಟಕದಲ್ಲಿ. ತಮಾಷೆ ಏನಂದ್ರ, ಹಳೆಯ ಎರಡೂ ಎಸ್‌ಟಿ ಕ್ಷೇತ್ರಗಳು, ಗೋಕಾಕ ಮತ್ತು ವಿರಾಜಪೇಟೆ, ಸಾಮಾನ್ಯ ಆದವು. ನಮ್ಮ ಕಡೆ ಹೊಸದಾಗಿ ಯಮಕನಮರಡಿ ಬಂತು.

ಇಲ್ಲಿ ಒಂದು ನಿಯಮ ಗಮನಿಸ್ರಿ. 2002ರ ಮರುವಿಂಗಡಣಾ ಕಾಯ್ದೆಯ 9ನೇ ಕಲಂನಲ್ಲಿ ಎಸ್‌ಟಿಗೆ ಒಂದು ನಿಯಮ, ಎಸ್‌ಸಿಗೆ ಇನ್ನೊಂದು. ಎಸ್‌ಟಿ ಸೀಟು ಅವರ ಪ್ರಮಾಣ ಎಲ್ಲಿ ಅತಿ ಹೆಚ್ಚೋ ಅಲ್ಲಿಗೆ. ಎಸ್‌ಸಿ ಸೀಟು ಮಾತ್ರ ರಾಜ್ಯದ ಬೇರೆ ಬೇರೆ ಭಾಗಗಳಿಗೆ ಹಂಚಬೇಕು, ಆಮೇಲೆ ಆಯಾ ಭಾಗದಲ್ಲಿ ಪ್ರಮಾಣ ಹೆಚ್ಚಿರುವ ಕಡೆ ಇಡಬೇಕು. ನಾವು ಪ್ರತಿ ಊರಿನ ಅಂಚಿಗೆ ಒಂದೊಂದು ಕೇರಿಯಾಗಿ ಚೆಲ್ಲಿಹೋದವರು. ಊರ ಹೊರಗ ಇಟ್ಟರು, ಆದರ ಒಂದೂ ಊರು ಬಿಡದಂಗ ಇಟ್ಟರು, ಯಾಕಂದ್ರ ಪ್ರತಿ ಊರಿಗೂ ನಮ್ಮ ಕೆಲಸ ಬೇಕಿತ್ತು. ಬೆಳಗಾವಿ ಜಿಲ್ಲೆಯಲ್ಲಿ ಎಸ್‌ಸಿ ನೂರಕ್ಕೆ ಸುಮಾರು 12. 18 ಸೀಟಿನಲ್ಲಿ 12ರ ಪಾಲು ತೆಗೆದರೆ ಎರಡು. ಅವು ರಾಯಬಾಗದ ಕಡೆ ಹೋದವು. ಮೂಡಲಗಿಯ ಮಾದರ ಓಣಿ, ಹುಕ್ಕೇರಿಯ ಸಮಗಾರ ಗಲ್ಲಿ ಲೆಕ್ಕದಾಗ ಇದ್ದವು, ಗೆರೆಯೊಳಗ ಬರಲಿಲ್ಲ.

ನಮಗ ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಚಿಕ್ಕೋಡಿ ಲೋಕಸಭೆಯಲ್ಲಿ. ಹುಕ್ಕೇರಿ ತಾಲೂಕಿನ ಕಣಗಲಾದ ಬಿ. ಶಂಕರಾನಂದ 1967ರಿಂದ 1996ರ ತನಕ ಸತತ ಏಳು ಸಲ ಅಲ್ಲಿಂದ ಗೆದ್ದವರು. ಇಂದಿರಾ ಸರ್ಕಾರದಲ್ಲಿ ಆರೋಗ್ಯ ಮಂತ್ರಿ, ಆಮೇಲೆ ನೀರಾವರಿ, ಪೆಟ್ರೋಲಿಯಂ. ಬೋಫೋರ್ಸ್ ಹಗರಣದ ಜಂಟಿ ಸಂಸದೀಯ ಸಮಿತಿಗೆ ಅವರೇ ಅಧ್ಯಕ್ಷರು. ಕಣಗಲಾದಲ್ಲಿ ಹಿಂದೂಸ್ತಾನ್ ಲ್ಯಾಟೆಕ್ಸ್ ಫ್ಯಾಕ್ಟರಿ ಬಂದದ್ದು ಆ ದಶಕದಲ್ಲೇ. 1996ರಲ್ಲಿ ಅವರನ್ನು ಸೋಲಿಸಿದ ರತ್ನಮಾಲಾ ಸವಣೂರ ಕೂಡ ಕೇಂದ್ರದಲ್ಲಿ ರಾಜ್ಯ ಸಚಿವೆ ಆದರು. ಅವರ ಮೇಲೆ ಟೀಕೆ ಇದ್ದವು, ಇರಲಿ. ದಿಲ್ಲಿಯಲ್ಲಿ ನಮ್ಮ ಭಾಗದ ದಲಿತ ದನಿ ಅನ್ನೋದು ಒಂದಿತ್ತು. 2008ರ ಮರುವಿಂಗಡಣೆಯಲ್ಲಿ ಚಿಕ್ಕೋಡಿ ಸಾಮಾನ್ಯ ಆಯ್ತು, ವಿಜಯಪುರ ಮೀಸಲಾಯ್ತು. ಅಲ್ಲಿಂದೀಚೆಗೆ ನಾಲ್ಕು ಚುನಾವಣೆ ಆದವು, ಚಿಕ್ಕೋಡಿಯಿಂದ ಒಬ್ಬ ದಲಿತರೂ ಗೆದ್ದಿಲ್ಲ. 2024ರಲ್ಲಿ ನಿವೃತ್ತ ಐಎಎಸ್ ಅಧಿಕಾರಿ ಶಂಭು ಕಲ್ಲೋಳಿಕರ ಪಕ್ಷೇತರರಾಗಿ ನಿಂತು ಸೋತರು.

ಈಗ ಸೂಕ್ಷ್ಮದ ಮಾತು. ಕೆಲವರು ಇದನ್ನ ನಾಯಕರ ವಿರುದ್ಧ ತಿರುಗಿಸ್ತಾರ. ತಪ್ಪು. ಬೇಡರು 1857ರಲ್ಲಿ ಪಕ್ಕದ ಹಲಗಲಿಯಲ್ಲಿ ಆಯುಧ ಒಪ್ಪಿಸೋದಿಲ್ಲ ಅಂತ ಬ್ರಿಟಿಷರಿಗೆ ಎದುರು ನಿಂತು ಊರನ್ನೇ ಕಳಕೊಂಡವರು. ಅವರಿಗೆ ಮೀಸಲು ಸಿಕ್ಕದ್ದು ನ್ಯಾಯ. ರಮೇಶ ಜಾರಕಿಹೊಳಿ 1999, 2004ರಲ್ಲಿ ಗೋಕಾಕ ಎಸ್‌ಟಿ ಮೀಸಲಿನಲ್ಲಿ ಗೆದ್ದರು, 2008ರಲ್ಲಿ ಅದು ಸಾಮಾನ್ಯ ಆದ ಮೇಲೂ ಗೆದ್ದರು. ಬಾಲಚಂದ್ರ ಜಾರಕಿಹೊಳಿ ಸಾಮಾನ್ಯ ಅರಭಾವಿಯಿಂದ 2004ರಿಂದ ಸೋತಿಲ್ಲ. ಸತೀಶ ಜಾರಕಿಹೊಳಿ ಯಮಕನಮರಡಿಯಲ್ಲಿ 2008ರಿಂದ. 2024ರಲ್ಲಿ ಪ್ರಿಯಾಂಕಾ ಜಾರಕಿಹೊಳಿ ಸಾಮಾನ್ಯ ಚಿಕ್ಕೋಡಿಯನ್ನೇ ಗೆದ್ದರು. ಪಾರ್ವತೀಪುರಂನಲ್ಲಿ ದೊರ ಮಾಡಿದ್ದನ್ನ ಇಲ್ಲಿ ಪದೇ ಪದೇ ಮಾಡಿ ತೋರಿಸಿದ್ದಾರ. ಸೀಟಿನ ಜೊತೆ ಕಾರ್ಖಾನೆ, ಸಹಕಾರಿ ಸಂಘ, ಸಂಘಟನೆ ಇದ್ರ ಮೀಸಲು ಮೆಟ್ಟಿಲಾಗತೈತಿ. ಆದರ ಒಂದು ಮನೆತನ ಮೇಲೇರಿದ್ರ ಇಡೀ ಸಮುದಾಯ ಏರಿದಂಗಲ್ಲ. ಕಬ್ಬು ಕಡಿಯುವ ಗ್ಯಾಂಗಿನಲ್ಲಿ ನಾಯಕರ ಹುಡುಗ, ನಮ್ಮ ಹುಡುಗ ಇಬ್ಬರೂ ಒಂದೇ ಟ್ರ್ಯಾಕ್ಟರ್ ಹತ್ತತಾರ.

ಹಾಗೇ ಮೀಸಲು ಸೀಟು ಬಂದ ಕೂಡಲೇ ಎಲ್ಲ ಸರಿ ಆಗೋದೂ ಇಲ್ಲ. ಮೀಸಲು ಕ್ಷೇತ್ರದಲ್ಲೂ ಗೆಲ್ಲಿಸೋದು ನಮ್ಮ ಓಟಷ್ಟೇ ಅಲ್ಲ. ಪುಣೆ ಒಪ್ಪಂದದ ಗಾಯ ಅದು. ನಮ್ಮ ಭಾಗದ ನಿಜವಾದ ಪ್ರತಿನಿಧಿತ್ವ ಎಷ್ಟೋ ಸಲ ವಿಧಾನಸಭೆಯ ಹೊರಗೇ ನಡೆದೈತಿ. ದೇವದಾಸಿ ನಿಷೇಧ ಕಾಯ್ದೆ ಆದದ್ದು 1982ರಲ್ಲಿ. ಅದನ್ನ ಹಳ್ಳಿ ಹಳ್ಳಿಗೆ ಒಯ್ದವರು ಘಟಪ್ರಭಾದಲ್ಲಿ ಸಂಸ್ಥೆ ಕಟ್ಟಿದ ಮಾಜಿ ದೇವದಾಸಿಯರೇ. ಅವರ ಮುಂದಾಳು ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಸೀತವ್ವನಂಥವರು ವಿಧಾನಸಭೆಯಲ್ಲಿ ಕೂತಿದ್ರ ಹೆಂಗಿರತಿತ್ತು, ಯೋಚನೆ ಮಾಡ್ರಿ.

ಇದೆಲ್ಲ ಈಗ ಯಾಕ ಬರೀತೀನಂದ್ರ, ಮುಂದಿನ ಗೆರೆ ಎಳೆಯೋ ಕಾಲ ಬರ್ತಾ ಐತಿ. 2001ರ 84ನೇ ತಿದ್ದುಪಡಿ ಸೀಟುಗಳ ಲೆಕ್ಕವನ್ನು 2026ರ ನಂತರದ ಮೊದಲ ಜನಗಣತಿ ತನಕ ತಡೆದಿಟ್ಟೈತಿ. ಆ ಗಣತಿಯ ಆಧಾರ ದಿನಾಂಕ 2027ರ ಮಾರ್ಚ್ 1. ಮಹಿಳೆಯರಿಗೆ ಮೂರನೇ ಒಂದು ಪಾಲು ಕೊಡುವ 106ನೇ ತಿದ್ದುಪಡಿಯೂ ಇದಕ್ಕೇ ಗಂಟು ಬಿದ್ದೈತಿ. ಎಸ್‌ಸಿ, ಎಸ್‌ಟಿ ಸೀಟುಗಳೊಳಗೂ ಆ ಪಾಲು ಐತಿ. ಅಂದ್ರ ಸೀತವ್ವನಂಥವರ ಸೀಟು ಬರೀ ಕನಸಲ್ಲ, ಕಾಯ್ದೆಯಲ್ಲಿ ಐತಿ.

ಅದಕ್ಕ ಮೂರು ಕೆಲಸ.

ಒಂದು, ಗಣತಿಯವರು ಬಂದಾಗ ಜಾತಿ ಹೆಸರು ಸರಿಯಾಗಿ, ಪಟ್ಟಿಯಲ್ಲಿ ಇದ್ದಂಗ ಬರೆಸ್ರಿ. ನಾಚಿಕೆ ಬ್ಯಾಡ. "ಹರಿಜನ" ಅಂತ ಬರೆಸಿ ಕೂಡಬ್ಯಾಡ್ರಿ. ಬೌದ್ಧರಾದವರು ಧರ್ಮದ ಕಾಲಂನಲ್ಲಿ ಬೌದ್ಧ ಅಂತಲೇ ಬರೆಸ್ರಿ, ಜಾತಿಯ ಕಾಲಂ ಖಾಲಿ ಬಿಡಬ್ಯಾಡ್ರಿ. 1990ರಿಂದ ಬೌದ್ಧ ದಲಿತರೂ ಎಸ್‌ಸಿಯೇ. ಖಾಲಿ ಬಿಟ್ಟ ಒಂದೊಂದು ಮನೆ ನಮ್ಮ ಲೆಕ್ಕದಿಂದ ಕಳೀತೈತಿ. ತಳವಾರರು 2020ರಲ್ಲಿ ಎಸ್‌ಟಿ ಪಟ್ಟಿಗೆ ಸೇರ್ಯಾರ, ಅವರಿಗೂ ಹೇಳ್ರಿ.

ಎರಡು, ಕಳೆದ ಸಲ ಆಯೋಗ ಕರಡು ಪ್ರಕಟಿಸಿ ಆಕ್ಷೇಪಣೆ ಕರೆದಿತ್ತು, ಸಾರ್ವಜನಿಕ ಸಭೆ ಮಾಡಿತ್ತು. ಈ ಸಲ ಆ ಸಭೆಗೆ ಊರಿನ ಹೆಸರು, ಎಸ್‌ಸಿ ಜನಸಂಖ್ಯೆ ಬರೆದ ಕಾಗದ ಹಿಡಿದು ಹೋಗಬೇಕು. ಘೋಷಣೆ ಸಾಲದು, ಅಂಕಿ ಬೇಕು. ಅಂತಿಮ ಆದೇಶ ಆದ ಮೇಲೆ 329ನೇ ವಿಧಿ ಕೋರ್ಟಿನ ಬಾಗಿಲನ್ನೂ ಹೆಚ್ಚುಕಡಿಮೆ ಮುಚ್ಚತೈತಿ.

ಮೂರು, ಈ ಮೂರು ತಾಲೂಕಿನ ಹೊಲೆಯ, ಮಾದರ, ಮಹಾರ, ಸಮಗಾರ, ಢೋರ ಎಲ್ಲರೂ ಕೂಡಿ ಒಂದೇ ಅರ್ಜಿ. ಒಳಮೀಸಲಾತಿ ಜಗಳ ಏನಿದ್ರೂ ಆಮೇಲೆ. ಬೇರೆ ಬೇರೆ ಐದು ಅರ್ಜಿ ಹೋದ್ರ ಒಂದನ್ನೂ ಓದೋದಿಲ್ಲ, ಇದನ್ನ ಕಾರಕೂನನ ಅನುಭವದ ಮಾತು ಅಂತ ತಿಳೀರಿ.

ನಿಮ್ಮ ನಿಮ್ಮ ಊರಿನ 2011ರ ಗಣತಿ ಅಂಕಿ ತೆಗೆಯೋದು ಹೆಂಗ ಅಂತ ಗೊತ್ತಿಲ್ಲದವರು ಕಾಮೆಂಟ್ ಹಾಕ್ರಿ, ಹೇಳಿಕೊಡ್ತೀನಿ. ಈ ಭಾನುವಾರದಿಂದಲೇ ಒಂದೊಂದು ಕೇರಿಯ ಪಟ್ಟಿ ಶುರು ಮಾಡೋಣ.

ಜೈಭೀಮ್. ಜೈ ಸಂವಿಧಾನ.