ಘೋಷಣೆ ಎಂಬ ತೀರ್ಪು

ರ‍್ಯಾಪ್ ಆಲ್ಬಂ ಕೇಳಿದ ವಿಮರ್ಶಕರು ಮೂಗು ಮುರಿಯುವ ರೀತಿ ಗೊತ್ತಿರುವುದೇ: ರಾಗವಿಲ್ಲ, ಬರೀ ಮಾತು, ಅದೂ ಸಿಟ್ಟಿನ ಮಾತು, ಹೇಳಿದ್ದನ್ನೇ ಹೇಳ್ತಾರೆ. ದಲಿತ ಓದುಗರಿಗೆ ಈ ತೀರ್ಪು ಹೊಸದಲ್ಲ. 1975ರಲ್ಲಿ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದ ಮೇಲೆ, ನವ್ಯದ ಗರಡಿಯಲ್ಲಿ ಪಳಗಿದ ವಿಮರ್ಶೆ ದಲಿತ-ಬಂಡಾಯ ಕಾವ್ಯಕ್ಕೆಲ್ಲ ಒಂದೇ ಪದ ಅಂಟಿಸಿತು: ಘೋಷಣೆ. ಆ ತೀರ್ಪನ್ನು ಅಂದೂ ಒಪ್ಪಬೇಕಿರಲಿಲ್ಲ, ಇಂದೂ ಒಪ್ಪಬೇಕಿಲ್ಲ.

ಈ ಹಾಡು ಎಲ್ಲಿಂದ ಬಂತು ಅಂತ ಮೊದಲು ಕೇಳಬೇಕು. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಹುಡುಗ ಬೆಳೆದದ್ದು ರಾಜಾಜಿನಗರದ ಮಗ್ಗುಲಿನ ಶ್ರೀರಾಮಪುರದಲ್ಲಿ, ಓದಿದ್ದು ಮಾಗಡಿ ರಸ್ತೆಯ ಗೋಪಾಲಪುರದ ಹಾಸ್ಟೆಲಿನಲ್ಲಿದ್ದುಕೊಂಡು. ಬಿನ್ನಿ ಮಿಲ್ಲಿನ ಕಾರ್ಮಿಕರು ಓಡಾಡುತ್ತಿದ್ದ ಬೀದಿಗಳು ಅವು. ಅಲ್ಲಿ ಕವಿತೆಗೆ ಒಂಟಿ ಓದುಗನಿಗಿಂತ ಮೊದಲು ಸಿಕ್ಕವರು ಸಭೆಯ ಜನ, ಮೆರವಣಿಗೆಯ ಜನ.

1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ತಂಗಿಯ ಶಾಲೆಯ ಬಟ್ಟೆ ಖರ್ಚಿಗೆಂದು ನಡೆದ ಪಾರ್ಟಿಯಲ್ಲಿ, ಜಮೈಕಾ ಮೂಲದ ಕೂಲ್ ಹರ್ಕ್ ರೆಕಾರ್ಡು ನುಡಿಸಿದ. ಹಿಪ್-ಹಾಪಿನ ಹುಟ್ಟುದಿನ ಅಂತ ಅದನ್ನೇ ಲೆಕ್ಕ ಹಿಡಿಯುತ್ತಾರೆ. ಅದೇ ವರ್ಷದ ನವೆಂಬರಿನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು. ಗಲಭೆಯೆದ್ದಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಯಾಯಿತು, ಅವರ ಮಂತ್ರಿಗಿರಿ ಹೋಯಿತು. ಎರಡಕ್ಕೂ ನಂಟು ಕಟ್ಟುವುದು ಬೇಡ. ಆದರೆ ಹೊರಗಿಟ್ಟವರು ತಮ್ಮ ವೇದಿಕೆಯನ್ನು ತಾವೇ ಮಾಡಿಕೊಂಡದ್ದು ಎರಡೂ ಕಡೆ ನಿಜ. ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಗೋಷ್ಠಿ ಕೊಡಲಾಗದು ಎಂದರು. 1979ರಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು.

ಇನ್ನು ‘ಹೇಳಿದ್ದನ್ನೇ ಹೇಳುವುದು’. ನಲವತ್ತೇಳರ ಸ್ವಾತಂತ್ರ್ಯ ಯಾರ ಪಾಲಾಯಿತು ಎಂದು ಕೇಳುವ ಸಿದ್ದಲಿಂಗಯ್ಯನವರ ಹಾಡನ್ನೇ ನೋಡಿ. ಪ್ರಶ್ನೆ ಮರಳಿ ಬರುತ್ತದೆ. ನಡುವೆ ಪೊಲೀಸರು, ಮಾಲೀಕರು ಒಬ್ಬೊಬ್ಬರಾಗಿ ಬಂದು ನಿಲ್ಲುತ್ತಾರೆ. ಪುಟದ ಮೇಲೆ ಇದು ಪಟ್ಟಿ. ಬೀದಿಯಲ್ಲಿ ಹಾಗಲ್ಲ: ಎರಡನೇ ಸಲಕ್ಕೆ ಪ್ರಶ್ನೆ ಕೇಳುವುದು ಕವಿಯಲ್ಲ, ಜನ. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರ ಹಿಮ್ಮೇಳ ಮಾಡುವ ಕೆಲಸವೂ ಇದೇ. ಅದನ್ನು ಜಾನಪದ ಅಂತ ಮೆಚ್ಚುವ ವಿಮರ್ಶೆ, ಅದೇ ಮಟ್ಟು ಬದುಕಿರುವ ದಲಿತ ಕವಿಯ ಬಾಯಲ್ಲಿ ಬಂದರೆ ಕಲೆಯಲ್ಲ ಅನ್ನುವುದು ಯಾವ ನ್ಯಾಯ? ಮುಂದೆ ಸಿದ್ದಲಿಂಗಯ್ಯ ಮೆಲುದನಿಯಲ್ಲಿ ಬರೆದಾಗ ‘ಮಾಗಿದರು’ ಅಂದವರಿದ್ದಾರೆ. ಮಾಗುವುದು ಅಂದರೆ ದನಿ ತಗ್ಗಿಸುವುದೇ?

ಚೆನ್ನೈಯಲ್ಲಿ 2018ರ ಜನವರಿಯಲ್ಲಿ ಪಾ. ರಂಜಿತರ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ವೇದಿಕೆ ಹತ್ತಿತು. ಅದರ ಗಾಯಕ ಅರಿವು ಮರುವರ್ಷ ತಂದ ಆಲ್ಬಂ ಹೆಸರು ‘ತೆರುಕ್ಕುರಲ್’, ಬೀದಿಯ ದನಿ. ಹೆಸರೇ ಹೇಳುತ್ತದೆ, ಇದನ್ನು ಎಲ್ಲಿ ನಿಂತು ಕೇಳಬೇಕು ಅಂತ.

ಹಾಗಂತ ದಲಿತ ಎಂಬ ಕಾರಣಕ್ಕೆ ರಿಯಾಯಿತಿ ಯಾರೂ ಕೇಳುತ್ತಿಲ್ಲ. ಕೆಟ್ಟ ಹೋರಾಟದ ಹಾಡುಗಳಿವೆ, ಕೆಟ್ಟ ರ‍್ಯಾಪೂ ಬೇಕಾದಷ್ಟಿದೆ. ಅವನ್ನು ಅಳೆಯುವ ಕೋಲು ಬೇರೆ ಇರಬೇಕು, ಅಷ್ಟೇ. ಮರಳಿ ಬಂದ ಸಾಲು ಬರುಬರುತ್ತಾ ಭಾರವಾಯಿತೇ, ಸವೆಯಿತೇ? ಸಿಟ್ಟು ಯಾರ ಮೇಲೆ, ಯಜಮಾನನ ಮೇಲೋ, ಮನೆಯ ಹೆಂಗಸಿನ ಮೇಲೋ? ಕೇಳಿದವನಿಗೆ ತನ್ನ ಬಾಯಿ ಸಿಕ್ಕಿತೇ, ಇಲ್ಲಾ ಚಪ್ಪಾಳೆ ಹೊಡೆದು ಮನೆಗೆ ಹೋದನೇ? ಇಂಥ ಪ್ರಶ್ನೆ ಹಾಕಿ ಆಲ್ಬಮ್ಮೊಂದನ್ನು ತಿರಸ್ಕರಿಸಿದರೆ ಅದು ವಿಮರ್ಶೆ. ‘ಬರೀ ಮಾತು’ ಎಂದು ಎದ್ದು ಹೋದರೆ, ಹೊರಗಿಡುವ ಹಳೇ ಚಾಳಿ. ಮಾತೇ ಸಿಗದೆ ಇದ್ದವರಿಗೆ ‘ಬರೀ ಮಾತು’ ಎಂಬುದು ಇದೆಯೇ?