ಉಪ್ಪಿನ ಗೆರೆ

ಮುಂಬಯಿಯ ಪರೇಲಿನಲ್ಲಿದ್ದ ಬ್ಯಾಕ್ಟೀರಿಯಾ ಪ್ರಯೋಗಾಲಯ 1925ರಲ್ಲಿ ಹಾಫ್ಕಿನ್ ಸಂಸ್ಥೆ ಎಂಬ ಹೆಸರು ಪಡೆಯಿತು. ಅಲ್ಲಿನ ಗ್ಲೆನ್ ಲಿಸ್ಟನ್ ಮತ್ತು ಎಂ. ಬಿ. ಸೋಪರ್ಕರ್ 1918ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ದನಗಳ ರಕ್ತನಾಳದಲ್ಲಿ ಬದುಕುವ ಶಿಸ್ಟೊಸೋಮಾ ಸ್ಪಿಂಡೇಲ್ ಎಂಬ ಪರಾವಲಂಬಿ ಹುಳುವಿನ ಜೀವನಚಕ್ರ ಅದರ ವಿಷಯ. ಈ ಹುಳುವಿನ ಮರಿ ಸಿಹಿನೀರಿನ ಬಸವನಹುಳುವಿನ ಹೊಟ್ಟೆಯಲ್ಲಿ ಬೆಳೆದು, ನೀರಿಗಿಳಿದು, ದನದ ಚರ್ಮ ತೂರಿ ಒಳಹೋಗುತ್ತದೆ. ಮೂರು ವರ್ಷ ಹಿಂದಷ್ಟೇ ಈಜಿಪ್ಟಿನಲ್ಲಿ ರಾಬರ್ಟ್ ಲೈಪರ್ ಮನುಷ್ಯರ ಬಿಲ್ಹಾರ್ಜಿಯಾಕ್ಕೂ ಬಸವನಹುಳುವೇ ದಾರಿ ಎಂದು ತೋರಿಸಿದ್ದರು. ಸ್ಪಿಂಡೇಲ್ ಮನುಷ್ಯನೊಳಗೆ ಬೆಳೆಯುವುದಿಲ್ಲ. ಆದರೆ ಗದ್ದೆಯಲ್ಲಿ ನಿಂತವರ ಕಾಲಿಗೆ ಹೊಕ್ಕು, ಅಲ್ಲೇ ಸತ್ತು, ತುರಿಕೆ ಎಬ್ಬಿಸುತ್ತದೆ.

ಈ ಕಥೆಯ ಕೀಲಿ ಉಪ್ಪಿನಲ್ಲಿದೆ. ದನದ ಮೈಯೊಳಗಿನ ಉಪ್ಪಿನಂಶದಲ್ಲಿ ಮೊಟ್ಟೆ ಮುಚ್ಚಿಕೊಂಡೇ ಇರುತ್ತದೆ. ಸಗಣಿಯೊಡನೆ ಸಿಹಿನೀರಿಗೆ ಬಿದ್ದಾಗ ಒಡೆಯುತ್ತದೆ. ಹಾಗಾಗಿಯೇ ಪ್ರಯೋಗಾಲಯದಲ್ಲಿ ಮೊಟ್ಟೆಯನ್ನು ಒಡೆಯದಂತೆ ಕಾಯಲು ಉಪ್ಪುನೀರು ಬಳಸುತ್ತಾರೆ. ಬಸವನಹುಳುವಿಗೂ ಉಪ್ಪು ಒಗ್ಗದು: ನೀರು ಉಪ್ಪಾದಂತೆ ಅದರ ಬೆಳವಣಿಗೆ, ಮೊಟ್ಟೆ ಇಡುವುದು ಎರಡೂ ಕುಗ್ಗುತ್ತವೆ.

ಮುಂಬಯಿಯಲ್ಲಿ ಈ ಉಪ್ಪಿನ ಗೆರೆಯನ್ನು ಎಳೆದವರು ಮನುಷ್ಯರೇ. ಹದಿನೆಂಟನೇ ಶತಮಾನದ ಕೊನೆಗೆ ಹಾರ್ನ್‌ಬಿ ವೆಲ್ಲಾರ್ಡ್ ಎಂಬ ಒಡ್ಡು, ವರ್ಲಿಯ ಬಳಿ ದ್ವೀಪಗಳ ನಡುವೆ ನುಗ್ಗುತ್ತಿದ್ದ ಸಮುದ್ರವನ್ನು ತಡೆಯಿತು. ಕೊಂಕಣದ ಕರಾವಳಿಯ ಉಪ್ಪು ನೆಲಕ್ಕೆ ಮರಾಠಿಯಲ್ಲಿ ‘ಖಾರ್’ ಎನ್ನುತ್ತಾರೆ. ಅದಕ್ಕೆ ಒಡ್ಡು ಕಟ್ಟಿ, ಮಳೆಗೆ ಉಪ್ಪು ತೊಳೆಯಬಿಟ್ಟು, ಭತ್ತ ಬೆಳೆಯುವುದು ಹಳೆಯ ಪದ್ಧತಿ. ಭತ್ತ ಒಪ್ಪುವ ನೀರಿನಲ್ಲಿ ಬಸವನಹುಳುವೂ ಬದುಕಬಲ್ಲುದು.

ಇದರ ಬೆಲೆ ಏನೆಂದು ಸೆನೆಗಲ್ ತೋರಿಸಿತು. 1986ರಲ್ಲಿ ದಿಯಾಮಾ ಅಣೆಕಟ್ಟು ಸೆನೆಗಲ್ ನದಿಗೆ ಸಮುದ್ರದ ನೀರು ನುಗ್ಗದಂತೆ ತಡೆಯಿತು. ಗದ್ದೆಗಳು ಹೆಚ್ಚಿದವು, ಬಸವನಹುಳುಗಳೂ ಹೆಚ್ಚಿದವು. ಎರಡೇ ವರ್ಷದಲ್ಲಿ ರಿಶಾರ್-ತೋಲ್ ಪಟ್ಟಣದಲ್ಲಿ ಕರುಳಿನ ಬಿಲ್ಹಾರ್ಜಿಯಾ ಕಾಣಿಸಿಕೊಂಡು ಹಬ್ಬಿತು.

ಈಗ ಸಮುದ್ರ ಏರುತ್ತಿದೆ. ಒಡ್ಡು ಒಡೆದ ಕಡೆ ಉಪ್ಪು ಮರಳಿ ಬರುತ್ತದೆ, ಬಸವನಹುಳು ಹಿಂದೆ ಸರಿಯುತ್ತದೆ. ಇದನ್ನು ಗೆಲುವೆನ್ನಲು ಬಾಯಿ ಬರುವುದಿಲ್ಲ. ಹುಳುವನ್ನು ಓಡಿಸುವ ಅದೇ ಉಪ್ಪು ಭತ್ತವನ್ನು ಸುಡುತ್ತದೆ, ಬಾವಿಯನ್ನು ಕೆಡಿಸುತ್ತದೆ. ಮಳೆಗಾಲದಲ್ಲಿ ಗೆರೆ ಸಮುದ್ರದತ್ತ ಸರಿದಾಗ ಹುಳುವೂ ಮರಳಬಹುದು. ಒಡ್ಡು ಕಟ್ಟುವಾಗಲೂ ಕೈಬಿಡುವಾಗಲೂ ಎಂಜಿನಿಯರ ಪಕ್ಕದಲ್ಲಿ ದನದ ಡಾಕ್ಟರಿಗೂ ಒಂದು ಕುರ್ಚಿ ಇರಬೇಕು. ಪರೇಲಿನ ಆ ಪ್ರಬಂಧದಿಂದ ನಾವು ಕಲಿಯಬೇಕಾದ್ದು ಅಷ್ಟು.